ಒಂದೇ ಸಾಲಿನ ಅಪ್ಪಣೆ, ಐನೂರು ಮಧ್ಯಮಗಳ ಜಿಗಿತ!

ಒಂದು ಲೆಕ್ಕ ಕೇಳ್ತೀನಿ. ಥಟ್ಟನೆ ಹೇಳಿ!

ಕಂಪ್ಯೂಟರಿನೊಳಗೆ ಒಂದು ಹಾಡಿದೆ. ಕೀಬೋರ್ಡ್ ಮೇಲೆ ನುಡಿಸಿ ತುಂಬಿಸಿದ್ದು. ಸ್ವರಗಳು 4,000 ಅಂದುಕೊಳ್ಳಿ. ರಾಗ ಶಂಕರಾಭರಣ. ಕೆಲಸ ಮುಗಿದಿದೆ, ಟೀ ಕುಡಿದಾಗಿದೆ, ಇನ್ನೇನು ಎದ್ದು ಹೊರಡಬೇಕು. ಆಗ ಹಾಡುವವರು ಮೆಲ್ಲಗೆ ಬಾಯಿ ಬಿಡುತ್ತಾರೆ: "ಇದನ್ನೇ ಒಂದ್ಸಲ ಕಲ್ಯಾಣಿಯಲ್ಲಿ ಕೇಳಿಬಿಡೋಣ್ವಾ?"

ಅಂದರೆ ಮಧ್ಯಮ ಎಲ್ಲೆಲ್ಲಿ ಕೂತಿದೆಯೋ ಅಲ್ಲೆಲ್ಲ ಒಂದು ಮನೆ ಮೇಲಕ್ಕೆ ಹೋಗಬೇಕು. ಮಂದ್ರದಲ್ಲೂ, ಮಧ್ಯದಲ್ಲೂ, ತಾರದಲ್ಲೂ. ಮಿಕ್ಕ ಆರು ಸ್ವರ ಅಲುಗಾಡಕೂಡದು!

4,000ದಲ್ಲಿ 500 ಮಧ್ಯಮ ಇವೆ ಅನ್ನಿ. ಒಂದೊಂದನ್ನೇ ಹುಡುಕಿ, ಮೌಸಿನಿಂದ ಹಿಡಿದು, ಮೇಲೆ ಸರಿಸಿ ಬಿಡಲು 5 ಸೆಕೆಂಡ್. ಗುಣಿಸಿ ನೋಡಿ. 2,500 ಸೆಕೆಂಡ್! ನಲವತ್ತು ನಿಮಿಷ ದಾಟಿತು. ಅದೂ ಕೈ ಎಲ್ಲೂ ತಪ್ಪದಿದ್ದರೆ.

ಬಲ್ಲವರಿಗೆ ಎಷ್ಟು ಹೊತ್ತು ಬೇಕು? ಅರ್ಧ ಗಂಟೆ? ಊಹೂಂ. ಹತ್ತು ನಿಮಿಷ? ಇನ್ನೂ ಕೆಳಗೆ ಬನ್ನಿ.

ಒಂದು ಸಾಲು ಹೊಂದಿಸುವಷ್ಟು ಹೊತ್ತು ಸಾಕು. ಆಮೇಲೆ ಒಂದೇ ಒಂದು ಕ್ಲಿಕ್. ಒತ್ತಿದ ಬೆರಳು ಮೇಲೇಳುವಷ್ಟರಲ್ಲಿ 500 ಶುದ್ಧ ಮಧ್ಯಮಗಳೂ ಪ್ರತಿ ಮಧ್ಯಮ!

ಕೆಜಿಎಫ್‌ನ, ಅಂದರೆ ಕೋಲಾರ ಚಿನ್ನದ ಗಣಿ ಊರಿನ, ರಾಬರ್ಟ್‌ಸನ್‌ಪೇಟೆಯ ನನ್ನ ಮೇಜಿನ ಮೇಲೆ ಈ ಆಟ ಶುರುವಾದ ಮೇಲೆ ನಿದ್ದೆ ಕೆಟ್ಟಿದೆ. ಯಾಕೆಂದರೆ ಈ ಒಂದು ಸಾಲು ಎಳೆದುಕೊಂಡು ಹೋದ ಕಡೆಯಲ್ಲೆಲ್ಲ ಒಂದೊಂದು ಬೆರಗು. ಒಂದು ಮುನ್ನೂರು ವರ್ಷಕ್ಕೂ ಹಿಂದಿನದು. ಇನ್ನೊಂದು ನಮ್ಮ ಕಾಲ ಕೆಳಗೆ ಎರಡು ಕಿಲೋಮೀಟರಿಗೂ ಆಳದಲ್ಲಿ! ಎಲ್ಲಕ್ಕಿಂತ ದೊಡ್ಡದು ಸಂಗೀತ ಪಾಠದ ಮೊದಲನೇ ದಿನದಲ್ಲೇ ಅಡಗಿ ಕೂತಿತ್ತು. ಅದನ್ನು ಈಗಲೇ ಬಿಟ್ಟುಕೊಡುವುದಿಲ್ಲ.

ಮೊದಲು ಒಂದು ಭ್ರಮೆ ಕಳೆಯಬೇಕು. ಕೀಬೋರ್ಡ್ ನುಡಿಸಿದ್ದನ್ನು ಕಂಪ್ಯೂಟರ್ ಕೂಡಿಡುವ ಮಿಡಿ ಫೈಲಿನಲ್ಲಿ ಸಂಗೀತ ಇರುತ್ತದೆ ಅಂದುಕೊಂಡಿದ್ದೀರಾ? ಇಲ್ಲ! ಒಂದು ಚೂರು ಸದ್ದೂ ಇಲ್ಲ!

ಇರುವುದು ಬರೀ ಅಂಕಿ. ಇಗೋ, ಒಂದು ಸ್ವರ ಇಷ್ಟೇ: 144, 65, 90.

ಮೂರು ಅಂಕಿ. 144 ಅಂದರೆ "ಒಂದನೇ ಚಾನೆಲ್, ಮನೆ ಒತ್ತಿದರು". 65 ಅಂದರೆ ಯಾವ ಮನೆ ಅನ್ನುವುದು. 90 ಅಂದರೆ ಎಷ್ಟು ಜೋರಾಗಿ. ಬೆರಳು ಎತ್ತಿದಾಗ ಇಂಥದ್ದೇ ಇನ್ನೊಂದು ಮೂರಂಕಿ. ನಡುವೆ ಎಷ್ಟು ಹೊತ್ತು ಕಳೆಯಿತು ಅನ್ನುವುದಕ್ಕೆ ಒಂದು ಲೆಕ್ಕ. ಮುಗಿಯಿತು! ವೀಣೆಯ ನಾದವೋ ಪಿಯಾನೋದ ನಾದವೋ, ಅದನ್ನು ಆಮೇಲೆ ಯಂತ್ರ ಹಾಕಿಕೊಳ್ಳುತ್ತದೆ.

ಮನೆಗಳು 0ಯಿಂದ 127ರ ತನಕ, ಒಟ್ಟು 128. ನಡುವಿನ ಬಿಳಿ ಮನೆ 60. ಅದನ್ನೇ ಷಡ್ಜ ಎಂದು ಇಟ್ಟುಕೊಂಡರೆ ಶುದ್ಧ ಮಧ್ಯಮ 65, ಪಂಚಮ 67, ಮೇಲಿನ ಷಡ್ಜ 72. ಹನ್ನೆರಡು ಕೂಡಿದರೆ ಮೇಲಿನ ಸ್ಥಾಯಿ, ಹನ್ನೆರಡು ಕಳೆದರೆ ಕೆಳಗಿನದು. ಈ ಅಂಕಿಗಳನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತವೆ.

ಇದೆಲ್ಲ ಎಷ್ಟು ಹಳೆಯದು, ಗೊತ್ತೇ? 1983ರ ಜನವರಿ! ಅಮೆರಿಕದ ಒಂದು ವಾದ್ಯ ಮೇಳದಲ್ಲಿ ಸೀಕ್ವೆನ್ಷಿಯಲ್ ಕಂಪನಿಯ ಪ್ರಾಫೆಟ್-600 ಕೀಬೋರ್ಡಿಗೂ ಜಪಾನಿನ ರೋಲ್ಯಾಂಡ್ ಕಂಪನಿಯ ಜುಪಿಟರ್-6ಕ್ಕೂ ಒಂದು ವೈರ್ ಎಳೆದರು. ಒಂದನ್ನು ನುಡಿಸಿದರೆ ಇನ್ನೊಂದೂ ನುಡಿಯಿತು! ಆ ವೈರಿನಲ್ಲಿ ಓಡಿದ್ದು ಇದೇ ಮೂರಂಕಿ ಭಾಷೆ. ಅಂದಿನ ಫೋನ್, ಅಂದಿನ ಟಿವಿ, ಅಂದಿನ ಕಂಪ್ಯೂಟರ್ ಎಲ್ಲ ಗುಜರಿ ಸೇರಿದವು. ಮಿಡಿ ಮಾತ್ರ ಇವತ್ತಿಗೂ ಅದೇ ಅಂಕಿಗಳಲ್ಲಿ ಮಾತಾಡುತ್ತಿದೆ.

ಅಂಕಿ ಆದ ಮೇಲೆ ಏನಾಯಿತು? ಅಂಕಿಯನ್ನು ಪ್ರಶ್ನೆ ಕೇಳಬಹುದು! ಸದ್ದನ್ನು "ನಿನ್ನೊಳಗಿನ ಮಧ್ಯಮಗಳೆಲ್ಲ ಎದ್ದು ನಿಲ್ಲಿ" ಅಂದರೆ ಅದಕ್ಕೇನು ತಿಳಿದೀತು? ಅಂಕಿಗಳಿಗೆ ಹೇಳಿ ನೋಡಿ. ನಿಲ್ಲುತ್ತವೆ!

ಹೇಳುವ ಜಾಗವೇ ನನ್ನ ನಿದ್ದೆ ಕೆಡಿಸಿದ ಕಿಟಕಿ. ಜರ್ಮನಿಯ ಹ್ಯಾಂಬರ್ಗ್‌ನ ಸ್ಟೈನ್‌ಬರ್ಗ್ ಕಂಪನಿಯ ಸಂಗೀತ ಸಾಫ್ಟ್‌ವೇರ್ ಕ್ಯೂಬೇಸ್‌ನಲ್ಲಿ ಅದರ ಹೆಸರು ಲಾಜಿಕಲ್ ಎಡಿಟರ್. ಆಪಲ್‌ನ ಲಾಜಿಕ್ ಪ್ರೊದಲ್ಲಿ ಮಿಡಿ ಟ್ರಾನ್ಸ್‌ಫಾರ್ಮ್. ನೋಡಲು ಬ್ಯಾಂಕಿನ ಫಾರಂ ಇದ್ದ ಹಾಗಿದೆ, ಒಪ್ಪುತ್ತೇನೆ. ಚಂದದ ಬಣ್ಣವಿಲ್ಲ, ತಿರುಗಿಸುವ ಗುಂಡಿಯಿಲ್ಲ. ಎಷ್ಟೋ ಮಂದಿ ಒಮ್ಮೆ ತೆರೆದು, ಹೆದರಿ, ಮುಚ್ಚಿಬಿಟ್ಟಿದ್ದಾರೆ. ಮುಚ್ಚಬೇಡಿ!

ಕಿಟಕಿಗೆ ಎರಡು ಅಂತಸ್ತು. ಮೇಲಿನದರಲ್ಲಿ "ಯಾರನ್ನು ಹುಡುಕಲಿ?" ಕೆಳಗಿನದರಲ್ಲಿ "ಸಿಕ್ಕವರನ್ನು ಏನು ಮಾಡಲಿ?" ಅಷ್ಟೇ.

ನಮ್ಮ ಶಂಕರಾಭರಣಕ್ಕೆ ಮೇಲೆ ಬರೆಯುವುದು: ಬಗೆ ಸ್ವರವಾಗಿರಬೇಕು, ಮತ್ತು ಆ ಸ್ವರ ಮಧ್ಯಮವಾಗಿರಬೇಕು, ಸ್ಥಾಯಿ ಯಾವುದಾದರೂ ಸರಿ. ಕೆಳಗೆ ಬರೆಯುವುದು: 1 ಕೂಡಿಸು.

"ಸ್ಥಾಯಿ ಯಾವುದಾದರೂ ಸರಿ" ಅನ್ನುವುದಕ್ಕೆ ಬೇರೆಯೇ ಷರತ್ತು ಇಟ್ಟಿದ್ದಾರೆ, ಪುಣ್ಯಾತ್ಮರು! ಬರೀ "65ಕ್ಕೆ ಸಮ" ಅಂದರೆ ಒಂದೇ ಸ್ಥಾಯಿಯ ಮಧ್ಯಮ ಸಿಗುತ್ತದೆ, ಉಳಿದವು ಶಂಕರಾಭರಣದಲ್ಲೇ ಉಳಿದು ಹಾಡು ಅಡ್ಡ ಕಸಿಯಾಗುತ್ತದೆ. ಸ್ಥಾಯಿ ಮರೆಸುವ ಷರತ್ತು ಹಾಕಿದರೆ 5, 17, 29 ಎಂದು ಶುರುವಾಗಿ 125ರ ತನಕ ಇರುವ ಹನ್ನೊಂದೂ ಮಧ್ಯಮಗಳು ಒಂದೇ ಬಲೆಗೆ!

ನಡುವಿನ "ಮತ್ತು" ಇದೆಯಲ್ಲ, ಅದರ ಮೇಲೆ ಒಂದು ಕಣ್ಣಿರಲಿ. ಅದರ ಜಾಗದಲ್ಲಿ "ಅಥವಾ" ಕೂತರೆ ಏನಾಗುತ್ತದೆ ಹೇಳಿ? "ಸ್ವರವಾಗಿರಲಿ, ಅಥವಾ ಮಧ್ಯಮವಾಗಿರಲಿ." ಆಯಿತು ಕಥೆ! 4,000ಕ್ಕೆ 4,000ವೂ ಕೈ ಎತ್ತುತ್ತವೆ. ಇಡೀ ಹಾಡು ಒಂದು ಮನೆ ಮೇಲೆ ಹತ್ತಿ ಕೂರುತ್ತದೆ. ರಾಗ ಅದೇ ಶಂಕರಾಭರಣ, ಶ್ರುತಿ ಮಾತ್ರ ಏರಿ ಹಾಡುವವರ ಗಂಟಲು ಒಣಗುತ್ತದೆ!

ಈಗ ಮುನ್ನೂರು ವರ್ಷದ ಹಿಂದಿನ ಬೆರಗು.

ಮೇಳಕರ್ತ ಎಂಬ ಮೂಲ ರಾಗಗಳ ಪಟ್ಟಿಯಲ್ಲಿ ಶಂಕರಾಭರಣ ಎಷ್ಟನೆಯದು? 29. ಕಲ್ಯಾಣಿ? 65. ಕಳೆಯಿರಿ. 36.

ಮಾಯಾಮಾಳವಗೌಳ ತೆಗೆದುಕೊಳ್ಳಿ. 15ನೆಯದು. ಅದಕ್ಕೂ ಇದೇ ಸಾಲಿನ ಅಪ್ಪಣೆ ಕೊಡಿ. ಹುಟ್ಟುವುದು ಪಂತುವರಾಳಿ. ಅದರ ಸಂಖ್ಯೆ 51. ಕಳೆಯಿರಿ. ಮತ್ತೆ 36!

ಖರಹರಪ್ರಿಯ 22. ಅಪ್ಪಣೆ ಕೊಟ್ಟರೆ 58, ಹೇಮವತಿ. ಮತ್ತೆ 36!

ಒಂದು ಸ್ವರದ ಅಂಕಿಗೆ 1 ಕೂಡಿಸಿದರೆ ರಾಗದ ಅಂಕಿಗೆ 36 ಕೂಡುತ್ತದೆ. ಪ್ರತಿ ಸಲವೂ. ಬೇಕಾದರೆ ಶುದ್ಧ ಮಧ್ಯಮದ 36 ರಾಗಗಳನ್ನೂ ಹಾಕಿ ನೋಡಿ!

ಇದನ್ನು ಹೀಗೆ ಜೋಡಿಸಿಟ್ಟವರು ಯಾರು? 17ನೇ ಶತಮಾನದ ವೆಂಕಟಮಖಿ! ಪುಸ್ತಕ ಚತುರ್ದಂಡಿ ಪ್ರಕಾಶಿಕೆ. ಅವರ ತಂದೆ ಗೋವಿಂದ ದೀಕ್ಷಿತರು ಕನ್ನಡ ಮೂಲದವರು, ತಂಜಾವೂರಿನ ನಾಯಕ ಅರಸರ ಮಂತ್ರಿ. ಮಗ ಮಾಡಿದ್ದೇನು ನೋಡಿ. ರಿಷಭ ಗಾಂಧಾರ ಜೋಡಿಸಲು 6 ದಾರಿ. ಧೈವತ ನಿಷಾದ ಜೋಡಿಸಲು 6 ದಾರಿ. ಮಧ್ಯಮ 2. ಆರು ಆರಲಿ ಮೂವತ್ತಾರು, ಎರಡರಿಂದ ಗುಣಿಸಿದರೆ 72. ಮೊದಲ 36ರಲ್ಲಿ ಶುದ್ಧ ಮಧ್ಯಮ, ಅದೇ ಕ್ರಮದಲ್ಲಿ ಮುಂದಿನ 36ರಲ್ಲಿ ಪ್ರತಿ ಮಧ್ಯಮ. ಕರೆಂಟಿಲ್ಲ, ಕೀಬೋರ್ಡಿಲ್ಲ, ಓಲೆಗರಿಯ ಕಾಲ! ಆದರೂ ಅದು ಅಪ್ಪಟ ನಿಯಮದ ಪಟ್ಟಿ. ಕ್ಯೂಬೇಸ್ ಬಂದದ್ದು 1989ರಲ್ಲಿ. ಪಾಪ, ಎಷ್ಟು ತಡ!

ರಾಗದ ಹೆಸರಿನಲ್ಲೇ ಅದರ ಸಂಖ್ಯೆ ಬಚ್ಚಿಟ್ಟ ಕಟಪಯಾದಿ ಚಮತ್ಕಾರ ಆಮೇಲೆ ಬಂದು ಸೇರಿಕೊಂಡಿತು. ಮಾಯಾಮಾಳವಗೌಳದಲ್ಲಿ "ಮ" 5, "ಯ" 1. ತಿರುವಿ ಹಾಕಿ. 15! ಅದು ಇನ್ನೊಂದು ದಿನದ ಮಾತು, ಈಗ ಅದರೊಳಗೆ ಇಳಿದರೆ ಮೇಲೆ ಬರುವುದು ಕಷ್ಟ.

ಇದೆಲ್ಲ ಪಂಡಿತರ ಆಟ ಅಂತ ಮೂಗು ಮುರಿಯುತ್ತಿದ್ದೀರಾ? ಹಾಗಾದರೆ ಬನ್ನಿ, ನಮ್ಮೂರ ಮದುವೆ ಆರ್ಕೆಸ್ಟ್ರಾಗೆ!

ಕನ್ನಡ, ತಮಿಳು, ತೆಲುಗು, ಉರ್ದು ನಾಲ್ಕೂ ಒಂದೇ ಸ್ಟೇಜಿನ ಮೇಲೆ ಹಾಡಿಸುವ ಊರು ಇದು. ಸ್ಟೇಜಿನ ರಾಜ ಯಾರು? ರಿದಂ ಪ್ಯಾಡ್! ಕೋಲು ಬಿದ್ದರೆ ಡೋಲು, ಕೋಲು ಬಿದ್ದರೆ ತಮಟೆ. ಆ ಪ್ಯಾಡಿನಿಂದ ಕಂಪ್ಯೂಟರಿಗೆ ರೆಕಾರ್ಡ್ ಮಾಡಿಕೊಳ್ಳುವಾಗ ಒಂದು ಕಾಟವಿದೆ. ಕೋಲು ರಬ್ಬರಿಗೆ ಬಿದ್ದು ತುಸು ಪುಟಿಯುತ್ತದೆ. ಹೊಡೆದದ್ದು ಒಂದು, ದಾಖಲಾದದ್ದು ಎರಡು! ಎರಡನೆಯದು ಕಳ್ಳ ಸ್ವರ. ಮೆಲ್ಲಗಿರುತ್ತದೆ, ಆದರೆ ತಾಳವನ್ನು ರಾಡಿ ಮಾಡುತ್ತದೆ.

ಪ್ಯಾಡ್ ನುಡಿಸುವ ಗೆಳೆಯನೊಬ್ಬ ತಂದು ತೋರಿಸಿದ. ಪರದೆಯ ಮೇಲೆ ಇರುವೆ ಸಾಲು. ಅದರಲ್ಲಿ ಯಾವುದು ನಿಜ, ಯಾವುದು ಕಳ್ಳ?

"ಅಣ್ಣಾ, ಒಂದೊಂದೇ ಅಳಿಸ್ತಾ ಕೂತ್ರೆ ಬೆಳಗಾಗೋಗ್ತದೆ."

"ಅಳಿಸೋದು ಬೇಡ ಮಾರಾಯ. ಕಳ್ಳ ಹೆಂಗಿರ್ತಾನೆ ಅಂತ ಮಾತ್ರ ಹೇಳು."

"ಸಣ್ಣ ಸೌಂಡು. ನಿಜವಾದ್ದು ಅರವತ್ತರ ಮೇಲೆ. ಇವು ಇಪ್ಪತ್ತೂ ದಾಟಲ್ಲ."

ಸಿಕ್ಕಿತಲ್ಲ ಚಹರೆ! ಬಗೆ ಸ್ವರ, ಮತ್ತು ಜೋರು 25ಕ್ಕಿಂತ ಕಡಿಮೆ. ಸಿಕ್ಕರೆ ಅಳಿಸು. ಕ್ಲಿಕ್! ಇರುವೆಗಳು ಮಾಯ. ತಾಳ ಒಗೆದು ಒಣಗಿಸಿದ ಬಟ್ಟೆಯಷ್ಟು ಸ್ವಚ್ಛ. ಅವನು ಪರದೆಯನ್ನೂ ನೋಡಿದ, ನನ್ನನ್ನೂ ನೋಡಿದ. "ಇನ್ನೊಂದ್ಸಲ ಮಾಡಿ ತೋರ್ಸಿ" ಅಂದ. ವಾಪಸ್ ತಂದು ಮತ್ತೆ ಅಳಿಸಿದೆ. ಮತ್ತೆ ತಂದೆ. ಆಟಿಕೆ ಸಿಕ್ಕಂತಾಯಿತು ಇಬ್ಬರಿಗೂ!

ಒಂದು ಎಚ್ಚರಿಕೆ. ಬೇಕೆಂದೇ ಮೆತ್ತಗೆ ಹೊಡೆದ ಪೆಟ್ಟುಗಳೂ ಇರುತ್ತವೆ, ಅವು ಕಳ್ಳರಲ್ಲ, ಕುಸುರಿ. ಅದಕ್ಕೇ ಈಗೀಗ ನಾನು ನೇರವಾಗಿ "ಅಳಿಸು" ಅನ್ನುವುದಿಲ್ಲ. ಮೊದಲು "ಆರಿಸು" ಅನ್ನುತ್ತೇನೆ. ಆರಿಸಿದವುಗಳ ಬಣ್ಣ ಬದಲಾಗುತ್ತದೆ. ಕಣ್ಣಾಡಿಸಿ, ಆಮೇಲೆ ಅಳಿಸುವುದು. ಯಂತ್ರಕ್ಕೆ ಕಿವಿ ಇಲ್ಲವಲ್ಲ, ಅದು ನಿಮ್ಮದೇ ಕೆಲಸ.

ಇನ್ನು ಕೆಜಿಎಫ್‌ನ ಚರ್ಚುಗಳು. ಬ್ರಿಟಿಷರ ಗಣಿಯ ಕಾಲದಿಂದ ನಾಲ್ಕು ದನಿಯ ಕಾಯರ್ ಹಾಡಿಕೊಂಡು ಬಂದ ಊರು. ಸೊಪ್ರಾನೊ, ಆಲ್ಟೊ, ಟೆನರ್, ಬೇಸ್. ಕ್ರಿಸ್ಮಸ್ ಹತ್ತಿರ ಬಂತು ಅನ್ನಿ. ಕೀಬೋರ್ಡಿನವರು ನಾಲ್ಕೂ ದನಿಯನ್ನು ಎರಡು ಕೈಯಲ್ಲಿ ಒಟ್ಟಿಗೇ ನುಡಿಸಿಬಿಟ್ಟಿದ್ದಾರೆ. ಹಾಡುವವರಿಗೆ ಮನೆಯಲ್ಲಿ ಕಲಿಯಲು ಅವರವರ ದನಿ ಮಾತ್ರ ಬೇಕು. ಬೇರ್ಪಡಿಸುವುದು ಹೇಗೆ?

ಲಾಜಿಕಲ್ ಎಡಿಟರಿಗೆ ಕಾರ್ಡಿನೊಳಗಿನ ಸ್ಥಾನವೂ ಗೊತ್ತು! ಒಟ್ಟಿಗೆ ಒತ್ತಿದ ಸ್ವರಗಳಲ್ಲಿ ತೀರ ಕೆಳಗಿನದು 0, ಅದರ ಮೇಲಿನದು 1, ಆಮೇಲೆ 2, 3. "0 ಆಗಿದ್ದರೆ ಬೇರೆ ಟ್ರ್ಯಾಕಿಗೆ ಎತ್ತಿಡು" ಅಂದರೆ ಬೇಸ್ ದನಿ ಇಡಿಯಾಗಿ ಎದ್ದು ಆಚೆ ಬರುತ್ತದೆ. ಹಾಗೇ ಟೆನರ್. ಹಾಗೇ ಆಲ್ಟೊ. ಉಳಿದದ್ದೇ ಸೊಪ್ರಾನೊ! ಎಲ್ಲೋ ಒಂದು ಕಡೆ ಎರಡು ದನಿ ಒಂದೇ ಮನೆಯ ಮೇಲೆ ಕೂತಿದ್ದರೆ ಅಲ್ಲಿ ಎಣಿಕೆ ಒಂದು ಕಡಿಮೆಯಾಗಿ, ಮೇಲಿನವರ ಸ್ವರ ಕೆಳಗಿನವರ ಪಾಲಾಗುತ್ತದೆ. ಅಂಥ ಜಾಗಗಳನ್ನು ಕೈಯಲ್ಲೇ ತಿದ್ದಬೇಕು. ಆದರೂ ಇಡೀ ಕ್ಯಾರೊಲ್ ಪುಸ್ತಕವನ್ನು ಒಂದೇ ಸಂಜೆಯಲ್ಲಿ ನಾಲ್ಕು ಭಾಗ ಮಾಡಬಹುದೆಂದರೆ!

ಸಂಗೀತ ಪಾಠದ ಮನೆಗಳಿಗೂ ಒಂದು ಉಡುಗೊರೆ ಇದೆ. ಸರಳೆ ವರಸೆಯನ್ನು ಒಂದನೇ ಕಾಲದಲ್ಲಿ ನುಡಿಸಿ ರೆಕಾರ್ಡ್ ಮಾಡಿದ್ದೀರಿ. ಎರಡನೇ ಕಾಲ ಬೇಕು. ಮತ್ತೆ ನುಡಿಸಬೇಕೇ? ಬೇಡ. "ಉದ್ದವನ್ನು ಅರ್ಧ ಮಾಡು" ಅನ್ನಿ.

ಅನ್ನಿ ಅಂದೆ, ಅಂದರೆ ಏನಾಗುತ್ತದೆ ಊಹಿಸಿ! ಸ್ವರಗಳು ಮೊಟಕಾದವು, ಆದರೆ ಕೂತ ಜಾಗ ಬಿಟ್ಟು ಕದಲಲಿಲ್ಲ. ಸ… ರಿ… ಗ… ಮ… ನಡುವೆ ಬರೀ ಮೌನ. ಉಬ್ಬಸ ಬಂದವರ ಹಾಡು! ಉದ್ದದ ಜೊತೆ ಸ್ಥಾನವನ್ನೂ ಅರ್ಧ ಮಾಡಬೇಕು. ಎರಡನ್ನೂ ಮಾಡಿ. ಈಗ ನೋಡಿ, ಎರಡನೇ ಕಾಲ! ಮತ್ತೊಮ್ಮೆ ಒತ್ತಿ. ಮೂರನೇ ಕಾಲ! ಇಲ್ಲೂ ಒಂದು ಕಿತಾಪತಿ ಇದೆ. ಸ್ಥಾನವನ್ನು ಅದು ಎಣಿಸುವುದು ಹಾಡಿನ ಮೊದಲಿನಿಂದ. ನಿಮ್ಮ ಪಾಠ 9ನೇ ಬಾರ್‌ನಲ್ಲಿ ಶುರುವಾಗಿದ್ದರೆ, ಅರ್ಧ ಮಾಡಿದೊಡನೆ 5ನೇ ಬಾರ್‌ಗೆ ಓಡಿಹೋಗಿರುತ್ತದೆ. ಹುಡುಕಿಕೊಂಡು ಬನ್ನಿ!

ಆದಿತಾಳಕ್ಕೆ ತೂಕ ಬೇಕೇ? 1, 5, 7ನೇ ಎಣಿಕೆಗೆ ಬೀಳುವ ಸ್ವರಗಳ ಜೋರಿಗೆ 15 ಕೂಡಿಸು. ತೀರ ಯಂತ್ರದಂತೆ ಕೇಳುತ್ತಿದೆಯೇ? ಪ್ರತಿ ಸ್ವರದ ಜೋರನ್ನೂ 6ರೊಳಗೆ ಹೇಗೆಂದರೆ ಹಾಗೆ ಹೆಚ್ಚುಕಡಿಮೆ ಮಾಡು. ಲಾಜಿಕ್ ಪ್ರೊದಲ್ಲಿ ಇದಕ್ಕೆ ಹ್ಯೂಮನೈಸ್ ಅಂತ ಸಿದ್ಧ ಅಪ್ಪಣೆಯೇ ಇದೆ. ಮನುಷ್ಯರ ಕೈತಪ್ಪನ್ನು ಕಂಪ್ಯೂಟರಿನಿಂದ ಬೇಡಿ ಪಡೆಯುವ ಕಾಲ!

ಈಗ ನೆಲದೊಳಕ್ಕೆ ಇಳಿಯೋಣ. ಸಂಗೀತದಿಂದ ಒಂದು ಹೆಜ್ಜೆ ಆಚೆ ಹೋಗುತ್ತೇನೆ, ಕ್ಷಮಿಸಿ, ಹೇಳದೆ ಇರಲಾರೆ.

ನಮ್ಮ ಪಕ್ಕದ ಚಾಂಪಿಯನ್ ರೀಫ್ ಗಣಿ ಎಷ್ಟು ಆಳ? ಸುಮಾರು 3.2 ಕಿಲೋಮೀಟರ್! 2001ರ ಫೆಬ್ರವರಿ 28ರಂದು ಗಣಿಗಾರಿಕೆ ನಿಂತಿತು, ಈಗ ಮೇಲೆ ಎದ್ದು ಕಾಣುವುದು ಸೈನೈಡ್ ದಿಬ್ಬ. ಆದರೆ 1965ರಲ್ಲಿ, ಈ ಗಣಿಯ ಸುಮಾರು 2.3 ಕಿಲೋಮೀಟರ್ ಆಳದಲ್ಲಿ, ಚಿನ್ನವಲ್ಲದ ಬೇರೇನನ್ನೋ ಹುಡುಕುತ್ತಿದ್ದರು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಮ್, ಮೂರೂ ಕಡೆಯ ವಿಜ್ಞಾನಿಗಳು. ಕೆಜಿಎಫ್ ಆಳದಲ್ಲಿ ಇಂಥ ಅಳತೆಗಳನ್ನು 1950ರ ದಶಕದಲ್ಲೇ ಶುರುಮಾಡಿದ್ದವರು ನಮ್ಮ ನಂಜನಗೂಡಿನ ಬಿ.ವಿ. ಶ್ರೀಕಂಠನ್!

ಹುಡುಕುತ್ತಿದ್ದದ್ದು ನ್ಯೂಟ್ರಿನೊ. ಭೂಮಿಯನ್ನೇ ಹಾದುಹೋಗುವ ಕಣ. ಅದನ್ನು ಹಿಡಿಯುವುದು ಹೇಗೆ? ನೋಡಿ, ಮತ್ತೆ ಅದೇ ಕಿಟಕಿ! ಎದುರುಬದುರು ಎರಡು ಗೋಡೆ, ಕಣ ಹಾದರೆ ಮಿನುಗುವ ಗೋಡೆ. ಷರತ್ತು ಒಂದು: ಎರಡೂ ಗೋಡೆ ಒಟ್ಟಿಗೆ ಮಿನುಗಬೇಕು. ಮತ್ತು ಷರತ್ತು ಎರಡು: ಕಣ ಅಡ್ಡಡ್ಡ ಬಂದಿರಬೇಕು. ಯಾಕೆ ಅಡ್ಡಡ್ಡ? ಆಕಾಶದಿಂದ ಬೀಳುವ ಬೇರೆ ಕಣಗಳು ಅಷ್ಟು ಆಳಕ್ಕೆ ತಲುಪಿದರೆ ಹೆಚ್ಚುಕಡಿಮೆ ನೆಟ್ಟಗೆ ಮೇಲಿನಿಂದಲೇ ಬರಬೇಕು. ಅಡ್ಡಡ್ಡ ಬರಲು ಎಷ್ಟೋ ಕಿಲೋಮೀಟರ್ ಬಂಡೆ ದಾಟಬೇಕು, ಅದು ಅವುಗಳ ಕೈಲಾಗದು. ಹಾಗಾದರೆ ಅಡ್ಡಡ್ಡ ಬಂದದ್ದು, ಬಂಡೆಯೊಳಗೆ ನ್ಯೂಟ್ರಿನೊ ಡಿಕ್ಕಿ ಹೊಡೆದು ಎಬ್ಬಿಸಿದ ಕಣವೇ!

ಸಿಕ್ಕಿತು! ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಗುರುತು ಪ್ರಪಂಚಕ್ಕೆ ಸಿಕ್ಕಿದ ಮೊದಲ ಜಾಗಗಳಲ್ಲಿ ನಮ್ಮೂರೂ ಒಂದು. ಅದೇ ವರ್ಷ ದಕ್ಷಿಣ ಆಫ್ರಿಕಾದ ಒಂದು ಚಿನ್ನದ ಗಣಿಯಲ್ಲೂ ಸಿಕ್ಕಿತು. ಎರಡು ಷರತ್ತು, ನಡುವೆ ಒಂದು "ಮತ್ತು". ಮೇಲೆ ಕೂತು ನಾನು ಪ್ಯಾಡಿನ ಕಳ್ಳ ಸ್ವರ ಹಿಡಿದದ್ದೂ ಇದೇ ಉಪಾಯದಿಂದ. ಮೈ ಜುಮ್ಮೆನ್ನಲಿಲ್ಲವೇ?

ಸರಿ, ಮೇಲೆ ಬನ್ನಿ. ದೊಡ್ಡ ಬೆರಗು ಬಾಕಿ ಇದೆ.

ಅದಕ್ಕೆ ಮುಂಚೆ ಒಂದು ತಕರಾರಿಗೆ ಉತ್ತರ ಕೊಟ್ಟುಬಿಡುತ್ತೇನೆ, ಇಲ್ಲದಿದ್ದರೆ ವಿದ್ವಾಂಸರು ಬಿಡುವುದಿಲ್ಲ. "ಏಳು ಮನೆ ಒತ್ತಿದರೆ ರಾಗವಾಯಿತೇನ್ರೀ? ಗಮಕ ಎಲ್ಲಿ?" ಮಾತು ನೂರಕ್ಕೆ ನೂರು ಸರಿ. ಇಲ್ಲಿ ಹುಟ್ಟುವುದು ರಾಗದ ಸ್ವರಪಟ್ಟಿ, ರಾಗವಲ್ಲ. ತೋಡಿಯ ಗಾಂಧಾರ ಒಂದು ಮನೆಯಲ್ಲಿ ನಿಲ್ಲುವ ಜೀವವೇ ಅಲ್ಲ. ಮಿಡಿಯಲ್ಲಿ ಗಮಕಕ್ಕೆ ಬೇರೆ ದಾರಿ ಇದೆ, ಸ್ವರವನ್ನು ಜಗ್ಗುವ ಪಿಚ್ ಬೆಂಡ್. ಅದರ ಮೆಟ್ಟಿಲು ಎಷ್ಟು ಗೊತ್ತೇ? 128? ಅಲ್ಲ. 16,384! ಆ ಜಗ್ಗಾಟವನ್ನೂ ನಿಯಮ ಹಾಕಿ ಹುಡುಕಬಹುದು, ತಿದ್ದಬಹುದು. ಆದರೆ ಎಲ್ಲಿ ಎಷ್ಟು ಜಗ್ಗಬೇಕು ಅನ್ನುವ ನಿಯಮವನ್ನು ಯಾವ ಕಿಟಕಿಯಲ್ಲಿ ಬರೆಯುತ್ತೀರಿ? ಅದು ಗುರುಗಳ ಎದುರು ಕೂತು ಕಲಿಯುವಂಥದ್ದು, ಕಿಟಕಿಯಲ್ಲಿ ಬರೆದು ಮುಗಿಯುವಂಥದ್ದಲ್ಲ ಎಂದೇ ನನ್ನ ಎಣಿಕೆ.

ಈಗ ಬನ್ನಿ ಮೊದಲನೇ ಪಾಠಕ್ಕೆ.

ಕರ್ನಾಟಕ ಸಂಗೀತ ಕಲಿಯುವ ಮಗು ಮೊದಲು ಹಾಡುವುದು ಯಾವ ರಾಗ? ಮಾಯಾಮಾಳವಗೌಳ. ಹಾಗೆ ಕಟ್ಟಿಕೊಟ್ಟವರು ಪುರಂದರದಾಸರು ಎಂಬುದು ಸಂಪ್ರದಾಯದ ಮಾತು. ಅದರ ಅಂಕಿಗಳು: 60, 61, 64, 65, 67, 68, 71, 72.

ಕಿಟಕಿಯ ಕೆಳ ಅಂತಸ್ತಿನಲ್ಲಿ ಕೂಡು, ಕಳೆ, ಗುಣಿಸುಗಳ ಸಾಲಿನಲ್ಲೇ ಯಾರೂ ಮುಟ್ಟದ ಒಂದು ಅಪ್ಪಣೆ ಇದೆ. ಮಿರರ್! ಲಾಜಿಕ್ ಪ್ರೊದಲ್ಲಿ ಫ್ಲಿಪ್. ಒಂದು ಸ್ವರದಲ್ಲಿ ಕನ್ನಡಿ ನೆಟ್ಟರೆ ಅದರ ಮೇಲಿದ್ದದ್ದು ಅಷ್ಟೇ ಕೆಳಕ್ಕೆ, ಕೆಳಗಿದ್ದದ್ದು ಅಷ್ಟೇ ಮೇಲಕ್ಕೆ. ಷಡ್ಜದಲ್ಲಿ, 60ರಲ್ಲಿ, ಕನ್ನಡಿ ನೆಡಿ. ಮಾಯಾಮಾಳವಗೌಳವನ್ನು ಅದರೊಳಗೆ ಕಳಿಸಿ.

ಏನು ಬರುತ್ತದೆ? ಅಪಸ್ವರದ ಸಂತೆ? ಊಹಿಸಿ!

60 ಅಲ್ಲೇ ನಿಂತಿತು. 61 ಹೋಗಿ 59. 64 ಹೋಗಿ 56. 65 ಹೋಗಿ 55. 67, 68, 71, 72 ಹೋಗಿ 53, 52, 49, 48.

ಇವು ಯಾವ ಸ್ವರ? 59 ಕಾಕಲಿ ನಿಷಾದ. 56 ಶುದ್ಧ ಧೈವತ. 55 ಪಂಚಮ. 53 ಶುದ್ಧ ಮಧ್ಯಮ. 52 ಅಂತರ ಗಾಂಧಾರ. 49 ಶುದ್ಧ ರಿಷಭ. 48 ಮಂದ್ರದ ಷಡ್ಜ.

ಸ ನಿ ದ ಪ ಮ ಗ ರಿ ಸ! ಮಾಯಾಮಾಳವಗೌಳದ ಅವರೋಹಣ! ಒಂದೇ ಒಂದು ಸ್ವರ ಹೊರಗೆ ಬೀಳಲಿಲ್ಲ!

ಅಂದರೆ ಈ ರಾಗ ಕನ್ನಡಿಯಲ್ಲಿ ತಾನೇ! ಸ್ವರಗಳ ನಡುವಿನ ಅಂತರ ಎಣಿಸಿ: 1, 3, 1, 2, 1, 3, 1. ಹಿಂದಿನಿಂದ ಓದಿ. ಅದೇ! ಊರೂರಿನ ಮಕ್ಕಳು ತಲೆತಲಾಂತರದಿಂದ ಬೆಳಿಗ್ಗೆ ಎದ್ದು ಹಾಡಿದ ಸ್ವರಪಟ್ಟಿ ಇದು. ಅದರೊಳಗೆ ಇಷ್ಟು ಅಚ್ಚುಕಟ್ಟಾದ ಕನ್ನಡಿ ಇತ್ತು!

ಎಲ್ಲ ರಾಗವೂ ಹೀಗೇ ಇರಬಹುದೇ? ಶಂಕರಾಭರಣ ಹಾಕಿ. ಬಂತು ನೋಡಿ… ತೋಡಿ! ನಿಜ, ಹನುಮತೋಡಿ, 8ನೇ ಮೇಳ. ಒಂದು ನಗುವ ರಾಗ, ಒಂದು ಕೊರಗುವ ರಾಗ, ನಡುವೆ ಒಂದೇ ಕನ್ನಡಿ. ತೋಡಿ ಹಾಕಿದರೆ ಮತ್ತೆ ಶಂಕರಾಭರಣ.

ಕಲ್ಯಾಣಿ ಹಾಕಿ. ಅಯ್ಯೋ! ಪಂಚಮವೇ ನಾಪತ್ತೆ, ಎರಡೆರಡು ಮಧ್ಯಮ! ಯಾಕೆ? ಕನ್ನಡಿಯಲ್ಲಿ ಪಂಚಮವಾಗಿ ಕಾಣಬೇಕಾದದ್ದು ಶುದ್ಧ ಮಧ್ಯಮ, ಅದು ಕಲ್ಯಾಣಿಯಲ್ಲಿ ಇಲ್ಲವೇ ಇಲ್ಲ. ಅಂದಮೇಲೆ ಪ್ರತಿ ಮಧ್ಯಮದ 36 ಮೇಳಗಳೂ ಕನ್ನಡಿಯ ಮುಂದೆ ನಿಂತೊಡನೆ ವೆಂಕಟಮಖಿಯ ಪಟ್ಟಿಯಿಂದಲೇ ಹೊರಗೆ. ಶುದ್ಧ ಮಧ್ಯಮದ 36 ಮಾತ್ರ ಒಳಗೆ ಉಳಿಯುತ್ತವೆ.

ಈ 36ರಲ್ಲಿ ಮಾಯಾಮಾಳವಗೌಳದಂತೆ ಕನ್ನಡಿಯಲ್ಲಿ ತಾವೇ ಆಗಿರುವವು ಎಷ್ಟು? ಒಂದು? ಹದಿನೆಂಟು?

ಆರು! ಆರೇ ಆರು. ತಾನರೂಪಿ 6, ಕೋಕಿಲಪ್ರಿಯ 11, ಮಾಯಾಮಾಳವಗೌಳ 15, ಖರಹರಪ್ರಿಯ 22, ಚಾರುಕೇಶಿ 26, ಯಾಗಪ್ರಿಯ 31. ಆರಾರು ಮೇಳಗಳ ಒಂದೊಂದು ಚಕ್ರಕ್ಕೆ ಒಂದೊಂದು, ಹಂಚಿಟ್ಟ ಹಾಗೆ!

ಇನ್ನೂ ಒಂದಿದೆ, ತಡೆಯಿರಿ. ಮೊದಲನೆಯದಕ್ಕೆ ಕೊನೆಯದನ್ನು ಕೂಡಿಸಿ. 6 ಮತ್ತು 31. 37. ಎರಡನೆಯದಕ್ಕೆ ಐದನೆಯದು. 11 ಮತ್ತು 26. 37! ನಡುವಿನವು. 15 ಮತ್ತು 22. 37!!

ಮಿಕ್ಕ 30 ಮೇಳಗಳು ಶಂಕರಾಭರಣ ತೋಡಿಗಳ ಹಾಗೆ ಎರಡೆರಡಾಗಿ ಕೈ ಹಿಡಿದುಕೊಂಡಿವೆ, 15 ಜೋಡಿ. ಕ್ಯೂಬೇಸ್‌ನಲ್ಲಿ ಇದೇ ಅಪ್ಪಣೆಯನ್ನು ನುಡಿಸುವಾಗಲೇ ಜಾರಿ ಮಾಡಬಹುದು, ಇನ್‌ಪುಟ್ ಟ್ರಾನ್ಸ್‌ಫಾರ್ಮರ್ ಅಂತ ಇದೆ. ಬೆರಳು ಮೇಲೆ ಹತ್ತುತ್ತಿದ್ದರೆ ಕಿವಿಗೆ ಕೆಳಗೆ ಇಳಿಯುವುದು ಕೇಳುತ್ತದೆ. ಬೆರಳು ಶಂಕರಾಭರಣದಲ್ಲಿ, ಕಿವಿ ತೋಡಿಯಲ್ಲಿ! ತಲೆ ಗಿರ್ರೆನ್ನುತ್ತದೆ, ಹೇಳಿರುತ್ತೇನೆ.

ಸಾಫ್ಟ್‌ವೇರ್ ಇಲ್ಲದಿದ್ದರೂ ಚಿಂತೆಯಿಲ್ಲ, ಕಾಗದ ಪೆನ್ನು ಸಾಕು. 120ರಿಂದ ಒಂದೊಂದು ಸ್ವರದ ಅಂಕಿ ಕಳೆಯುತ್ತ ಹೋಗಿ. ಇಗೋ ಹರಿಕಾಂಭೋಜಿ, 28ನೇ ಮೇಳ: 60, 62, 64, 65, 67, 69, 70. ಇದರ ಜೋಡಿ ಯಾರು, ಕಂಡುಹಿಡಿಯಿರಿ!

ಸಿಕ್ಕಿತೇ? ನಠಭೈರವಿ, 20! ಇನ್ನು 13 ಜೋಡಿ ನಿಮ್ಮ ಪಾಲಿಗೆ.